ಗುಲೆಟ್ ಹತ್ತುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಮೆಡಿಟರೇನಿಯನ್ ಕಡಲಲ್ಲಿ ಸಿಬ್ಬಂದಿ ಸಮೇತ ಹಾಯಿಹಡಗು ಬಾಡಿಗೆಗೆ ಹಿಡಿಯುವುದು ಕುಬೇರರಿಗೆ ಮಾತ್ರ ಎನ್ನುವವರಿಗೆ ನಾನು ತುರ್ಕಿಯ ಗುಲೆಟ್ ನೋಡಿ ಎನ್ನುತ್ತೇನೆ. ಹಿಂದೆ ಸ್ಪಂಜು ತೆಗೆಯುವವರು, ಮೀನುಗಾರರು ಬಳಸುತ್ತಿದ್ದ ಮರದ ಹಡಗು ಇದು. ಈಗ ಬೊಡ್ರುಮ್, ಮರ್ಮರಿಸ್, ಫೆಥಿಯೆ ಬಂದರುಗಳಿಂದ ಕ್ಯಾಪ್ಟನ್, ಅಡುಗೆಯವರ ಸಮೇತ ವಾರದ ಲೆಕ್ಕದಲ್ಲಿ ಸಿಗುತ್ತದೆ. ಎರಡು ಮೂರು ಕುಟುಂಬ ಸೇರಿದರೆ ಖರ್ಚಿನ ಹೊರೆ ಹಗುರ.

ನನ್ನ ಆಯ್ಕೆ ಜೂನ್ ಅಥವಾ ಸೆಪ್ಟೆಂಬರ್. ಜುಲೈ-ಆಗಸ್ಟ್‌ನಲ್ಲಿ ಬಾಡಿಗೆಯೂ ಏರುತ್ತದೆ, ಏಜಿಯನ್ ಕಡೆಯಿಂದ ಮೆಲ್ಟೆಮಿ ಗಾಳಿಯೂ ಜೋರಾಗಿ ಬೀಸುತ್ತದೆ.

ಕರಾರಿಗೆ ಸಹಿ ಹಾಕುವ ಮುಂಚೆ ಬಾಡಿಗೆಯಲ್ಲಿ ಏನೇನು ಸೇರಿದೆ ಎಂದು ಬರೆಸಿಕೊಳ್ಳಿ. ಸಾಮಾನ್ಯವಾಗಿ ದಿನಕ್ಕೆ ಸುಮಾರು 4 ಗಂಟೆ ಓಟದ ಡೀಸೆಲ್ ಸೇರಿರುತ್ತದೆ. ಊಟ, ಪಾನೀಯ, ಭಕ್ಷೀಸು ಬೇರೆ. ದೊಡ್ಡ ಯಾಟ್‌ಗಳಲ್ಲಿ ದಿನಸಿ, ಇಂಧನ, ಬಂದರು ಶುಲ್ಕಕ್ಕೆಂದು ಬಾಡಿಗೆಯ ಶೇ. 25ರಿಂದ 35ರಷ್ಟು ಮುಂಗಡ ಕೇಳುತ್ತಾರೆ. ಉಳಿದದ್ದನ್ನು ಕೊನೆಗೆ ಲೆಕ್ಕ ಕೊಟ್ಟು ಹಿಂದಿರುಗಿಸುತ್ತಾರೆ.

ಸಸ್ಯಾಹಾರಿಗಳಿಗೆ ಚಿಂತೆ ಬೇಡ. ಅಕ್ಕಿ ತುಂಬಿದ ದ್ರಾಕ್ಷಿ ಎಲೆ, ಎಣ್ಣೆಯಲ್ಲಿ ಬೆಂದ ಬದನೆ, ಗಟ್ಟಿ ಮೊಸರು ಅಲ್ಲಿನ ದಿನದ ಊಟವೇ. ಆದರೂ 'ಮೀನು, ಮೊಟ್ಟೆ ಬೇಡ' ಎಂದು ಮೊದಲೇ ಬರೆದು ಕಳಿಸಿ.

ಚಪ್ಪಲಿ ಹಲಗೆಮೆಟ್ಟಿಲ ಬಳಿಯ ಬುಟ್ಟಿಗೆ. ಡೆಕ್ ಮೇಲೆ ಬರಿಗಾಲು. ಕ್ಯಾಬಿನ್ ಕಿರಿದು, ಗಟ್ಟಿ ಸೂಟ್‌ಕೇಸ್ ಬದಲು ಮಡಚುವ ಬ್ಯಾಗ್ ಒಯ್ಯಿರಿ. ಬೊಡ್ರುಮ್ ಎದುರಿಗೇ ಕಾಣುವ ಕೋಸ್ ದ್ವೀಪ ಗ್ರೀಸಿನದು. ಅಲ್ಲಿ ಇಳಿಯಬೇಕಿದ್ದರೆ ಭಾರತದ ಪಾಸ್‌ಪೋರ್ಟಿನವರು ತುರ್ಕಿ ವೀಸಾ ಜೊತೆಗೆ ಷೆಂಗೆನ್ ವೀಸಾವನ್ನೂ ಊರಿನಲ್ಲೇ ಮಾಡಿಸಿಕೊಳ್ಳಬೇಕು.