ಸಿಡಿಲಿಗೆ ಸ್ವಿಚ್ ಆರಿಸಿದರೆ ಸಾಲದು

ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮೋಡ ಕಪ್ಪಗೆ ಎದ್ದು ಬಂತೆಂದರೆ ನಮ್ಮಲ್ಲಿ ಸಂತೋಷ, ಹೆದರಿಕೆ ಎರಡೂ ಒಟ್ಟಿಗೇ. ಸದ್ಯ ಮಳೆ ಬಂತಲ್ಲ ಎಂಬುದು ಸಂತೋಷ. ಈ ಸಲ ಸಿಡಿಲಿಗೆ ಏನು ಹೋಗುತ್ತದೋ ಎಂಬುದು ಹೆದರಿಕೆ. ಬಂಡೀಪುರದ ಅಂಚಿನ ನಮ್ಮ ಗುಂಡ್ಲುಪೇಟೆ ಸೀಮೆಗೆ ಮಳೆ ವರ್ಷದಲ್ಲಿ ಎರಡು ಸಲ ಜೋರು. ಒಂದು, ಅಶ್ವಿನಿ ಭರಣಿಯಿಂದ ಮೇ ಮುಗಿಯುವ ತನಕ. ಮತ್ತೊಂದು, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ. ಎರಡೂ ಗುಡುಗು ಸಿಡಿಲಿನ ಮಳೆಯೇ.

ಮನೆಗೆ ಫೋನು ಹಾಕಿಸಿದ ಕಾಲದಿಂದ ಇವತ್ತಿನವರೆಗೆ ನಮ್ಮಲ್ಲಿ ಸಿಡಿಲಿಗೆ ಹೋದ ವಸ್ತುಗಳನ್ನು ಒಂದು ದಿನ ಕೂತು ಲೆಕ್ಕ ಹಾಕಿದೆ. ಎರಡು ಫೋನು, ಇಂಟರ್ನೆಟ್ಟಿನ ಒಂದು ಮೋಡೆಮ್, ಒಂದು ಟಿ.ವಿ., ಕೊಳವೆಬಾವಿಯ ಒಂದು ಮೋಟಾರು, ಸೋಲಾರ್ ಬೇಲಿಯ ಒಂದು ಎನರ್ಜೈಸರ್. ಅದೇ ಮನೆಯ ಫ್ಯಾನಿಗೆ, ಫ್ರಿಜ್ಜಿಗೆ ಒಮ್ಮೆಯೂ ಏನೂ ಆಗಿಲ್ಲ. ಯಾಕೆ ಹೀಗೆ? ಇದಕ್ಕೆ ಉತ್ತರ ಹುಡುಕಿದ ಮೇಲೆ ನಮ್ಮ ನಷ್ಟ ಬಹುಪಾಲು ನಿಂತಿದೆ. ಅದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಎರಡು ದಾರಿ ಇದ್ದದ್ದು ಮೊದಲು ಸುಡುತ್ತದೆ

ಸುಟ್ಟ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಮೋಡೆಮ್‌ಗೆ ಒಂದು ಕಡೆಯಿಂದ ಫೋನಿನ ತಂತಿ, ಇನ್ನೊಂದು ಕಡೆಯಿಂದ ಕರೆಂಟು. ಟಿ.ವಿ.ಗೆ ಡಿಶ್ಶಿನ ಕೇಬಲ್ಲು ಮತ್ತು ಕರೆಂಟು. ಮೋಟಾರಿಗೆ ಮೇಲೆ ಕರೆಂಟಿನ ತಂತಿ, ಕೆಳಗೆ ನೂರಾರು ಅಡಿ ಆಳದ ನೀರು. ಎನರ್ಜೈಸರಿಗೆ ಒಂದು ಕಡೆ ಬೇಲಿ, ಇನ್ನೊಂದು ಕಡೆ ಅರ್ತು. ಫೋನಿನ ತಂತಿಯೊಂದೇ ಬಂದಿದ್ದರೂ ಕಾರ್ಡ್‌ಲೆಸ್ ಫೋನಾದರೆ ಅದಕ್ಕೂ ಕರೆಂಟು ಬೇಕು. ಎಲ್ಲದಕ್ಕೂ ಎರಡೆರಡು ದಾರಿ. ಫ್ಯಾನಿಗೆ, ಫ್ರಿಜ್ಜಿಗೆ ಒಂದೇ.

ಇದನ್ನು ಬೇಸಾಯದ ಲೆಕ್ಕದಲ್ಲಿ ಹೇಳುವುದಾದರೆ ಹೀಗೆ. ಬದುವಿನ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿದ್ದರೆ ಬದುವಿಗೆ ಏನೂ ಆಗದು. ಒಂದೇ ಕಡೆ ಏಕಾಏಕಿ ಆಳೆತ್ತರ ನೀರು ನಿಂತರೆ ಬದು ಒಡೆಯುತ್ತದೆ. ಎರಡು ತಂತಿಯ ನಡುವೆ ಕೂತ ಉಪಕರಣವೇ ಆ ಬದು. ಸಿಡಿಲು ನಮ್ಮ ಮನೆಗೇ ಬೀಳಬೇಕೆಂದಿಲ್ಲ. ಅರ್ಧ ಕಿಲೋಮೀಟರು ಆಚೆ ಬಿದ್ದರೂ ಕಂಬದ ಮೇಲಿನ ಉದ್ದ ತಂತಿಯಲ್ಲಿ ಸಾವಿರಾರು ವೋಲ್ಟು ಏಳಬಹುದು. ಆ ಒತ್ತಡ ಒಂದು ತಂತಿಯಲ್ಲಿ ಬಂದು, ಉಪಕರಣವನ್ನು ಒಡೆದು, ಇನ್ನೊಂದರಲ್ಲಿ ಹೋಗುತ್ತದೆ.

1986ರಲ್ಲಿ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಸ್ವಯಂಚಾಲಿತ ಟೆಲಿಫೋನ್ ಕೇಂದ್ರ ಶುರುವಾಯಿತು. ಆಮೇಲೆ ಹಳ್ಳಿ ಹಳ್ಳಿಗೂ ಫೋನಿನ ಕಂಬಗಳು ಬಂದವು. ತೋಟದ ಮನೆಯೊಂದಕ್ಕೆ ಬಯಲಲ್ಲಿ ಅಷ್ಟುದ್ದ ತಂತಿ ಎಳೆದದ್ದೇ ಸಿಡಿಲಿಗೂ ದಾರಿಯಾಯಿತು.

‘ಆಫ್ ಮಾಡಿದ್ನಲ್ಲ ಕಣಣ್ಣ!’

ಪಕ್ಕದ ಜಮೀನಿನವರು ಟಿ.ವಿ. ಸುಟ್ಟ ಮಾರನೇ ದಿನ ಕೇಳಿದ ಮಾತು ಇದು: “ಸ್ವಿಚ್ ಆಫ್ ಮಾಡಿದ್ನಲ್ಲ ಕಣಣ್ಣ, ಆದ್ರೂ ಹೆಂಗೆ ಸುಟ್ಟೋಯ್ತು?”

ಸ್ವಿಚ್ಚಿನ ಒಳಗೆ ಬಿಡುವ ಅಂತರ ಕೆಲವೇ ಮಿಲಿಮೀಟರು. ಮೋಡದಿಂದ ನೆಲದವರೆಗೆ ಕಿಲೋಮೀಟರುಗಟ್ಟಲೆ ಹಾರಿ ಬಂದದ್ದಕ್ಕೆ ಅದೊಂದು ಅಡ್ಡಿಯೇ? ಜೊತೆಗೆ ಸ್ವಿಚ್ಚು ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್ ಹಾಗೇ ಇರುತ್ತದೆ, ಡಿಶ್ಶಿನ ಕೇಬಲ್ಲೂ ಹಾಗೇ ಇರುತ್ತದೆ. ಫ್ಯೂಸು, ಎಂ.ಸಿ.ಬಿ.ಗಳನ್ನೂ ನಂಬುವಂತಿಲ್ಲ. ಮಿಕ್ಸಿ ಎಳೆಯುವುದು ಎರಡು ಮೂರು ಆಂಪಿಯರ್. ಸಾಮಾನ್ಯ ಸಿಡಿಲಿನದು 30,000ದ ಆಸುಪಾಸು. ಎಂ.ಸಿ.ಬಿ. ಬೀಳುವಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ.

ಹಾಗಾಗಿ ಪ್ಲಗ್ಗನ್ನೇ ಕೀಳಬೇಕು. ಒಂದನ್ನಲ್ಲ, ಎರಡೂ ತಂತಿಗಳನ್ನು. ಕಿತ್ತ ತುದಿಗಳನ್ನು ಒಂದರಿಂದ ಒಂದು ದೂರ ಇಡಬೇಕು. ಖರ್ಚಿಲ್ಲದ, ನಂಬಬಹುದಾದ ಉಪಾಯ ಇದೊಂದೇ.

ಈಗ ಹಲವರ ಮನೆಗೆ ಫೈಬರ್ ಬಂದಿದೆ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ಅದು ಅನುಕೂಲ. ಆದರೆ ಕೆಲವು ಫೈಬರ್ ಕೇಬಲ್ಲುಗಳಲ್ಲಿ ಬಲಕ್ಕೆಂದು ಉಕ್ಕಿನ ತಂತಿಯೂ ಇರುತ್ತದೆ. ಪೆಟ್ಟಿಗೆಗೆ ಕರೆಂಟು ಬೇಕೇ ಬೇಕು. ಅದರ ಪ್ಲಗ್ಗನ್ನೂ ಕೀಳಿ.

ಅರ್ತು ಬಾಯಾರಿದರೆ ಕೆಲಸ ಮಾಡದು

ಮನೆಯಲ್ಲಿ ಯಾರೂ ಇಲ್ಲದಾಗ ಮಳೆ ಬಂದರೆ? ಅದಕ್ಕೆ ಮೀಟರ್ ಬೋರ್ಡಿನ ಹತ್ತಿರ ಸರ್ಜ್ ತಡೆಯುವ ಸಾಧನ ಕೂರಿಸಬಹುದು. ಎಲೆಕ್ಟ್ರಿಷಿಯನ್ನರು ಎಸ್.ಪಿ.ಡಿ. ಎನ್ನುತ್ತಾರೆ. ಹೆಚ್ಚಾದ ವೋಲ್ಟೇಜನ್ನು ಅದು ನೆಲಕ್ಕೆ ದಾಟಿಸುತ್ತದೆ. ಹಾಗೆ ದಾಟಿಸಲು ಅರ್ತು ಸರಿಯಿರಬೇಕು. ಅರ್ತು ಇಲ್ಲದ ಮನೆಗೆ ದುಬಾರಿ ಸಾಧನ ತಂದರೆ ಕಾಲುವೆಯಿಲ್ಲದ ತೂಬು ಕಟ್ಟಿಸಿದ ಹಾಗೆ. ಅಂಗಡಿಯ ಸ್ಪೈಕ್ ಬಸ್ಟರಿಗೂ ಈ ಮಾತು ಸಲ್ಲುತ್ತದೆ. ಇವುಗಳ ಒಳಗಿನ ಬಿಲ್ಲೆ ಪ್ರತಿ ಹೊಡೆತಕ್ಕೂ ಸವೆಯುತ್ತದೆ. ಎಸ್.ಪಿ.ಡಿ.ಯ ಕಿಟಕಿಯಲ್ಲಿ ಹಸಿರು ಹೋಗಿ ಕೆಂಪು ಬಂದರೆ ಬದಲಿಸಬೇಕು. ನೇರವಾಗಿ ಮನೆಗೇ ಬಿದ್ದ ಸಿಡಿಲನ್ನು ಯಾವುದೂ ಪೂರ್ತಿ ತಡೆಯಲಾರದು.

ನಮ್ಮದು ಕೆಂಪು ಮಣ್ಣು, ಅಡಿಯಲ್ಲಿ ಕಲ್ಲು. ಮಾರ್ಚ್ ಏಪ್ರಿಲ್‌ನಲ್ಲಿ ನೆಲ ಒಣಗಿ ಅರ್ತು ಸತ್ತಂತಾಗುತ್ತದೆ. ಸಿಡಿಲು ಬರುವುದೂ ಆಗಲೇ. ಎರಡೂವರೆ ಮೀಟರಿನ ಜಿ.ಐ. ಪೈಪು, ಸುತ್ತ ಇದ್ದಿಲು, ಉಪ್ಪು, ಬಚ್ಚಲು ನೀರು ಹರಿಯುವ ಜಾಗ – ಇಷ್ಟಿದ್ದರೆ ಒಳ್ಳೆಯದು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಬಿಂದಿಗೆ ನೀರು ಹಾಕಿ. ಮನೆಯ ಕರೆಂಟಿಗೆ ಒಂದು, ಡಿಶ್ಶಿಗೆ ಒಂದು, ಫೋನಿಗೆ ಒಂದು ಎಂದು ಬೇರೆ ಬೇರೆ ಅರ್ತು ಇದ್ದರೆ ಎಲ್ಲವನ್ನೂ ದಪ್ಪ ತಂತಿಯಿಂದ ಸೇರಿಸಿಸಿ. ಬದುವಿನ ಎರಡೂ ಕಡೆ ನೀರು ಒಟ್ಟಿಗೇ ಏರಲಿ ಎಂಬುದೇ ಇದರ ಗುಟ್ಟು. ಪಂಪಿನ ಹತ್ತಿರ ಸಿಡಿಲು ನಿರೋಧಕ ಹಾಕಿಸಿದರೆ ಅದರ ಅರ್ತನ್ನು ಕಬ್ಬಿಣದ ಕೇಸಿಂಗ್ ಪೈಪಿಗೂ ಸೇರಿಸಬೇಕು. ಇದೆಲ್ಲ ಬಲ್ಲವರಿಂದಲೇ ಆಗಬೇಕಾದ ಕೆಲಸ.

ಇನ್ನೊಂದು ಮಾತು. ಗಾಳಿಮಳೆಯಲ್ಲಿ ಸುಟ್ಟದ್ದೆಲ್ಲ ಸಿಡಿಲಿಗೇ ಅಲ್ಲ. ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ಕಡಿದರೆ 230 ವೋಲ್ಟಿನ ಮನೆಗೆ 400ರ ಹತ್ತಿರ ಬರಬಹುದು. ಬಲ್ಬು ಒಮ್ಮೆಲೇ ಹೊಳೆದು ಮಂಕಾದರೆ ಮೈನ್ ಆರಿಸಿ, ಲೈನ್‌ಮನ್‌ಗೆ ತಿಳಿಸಿ.

ಬೇಲಿಯೋ, ಬಾಳೆಯೋ?

ಟಿ.ವಿ. ಸುಟ್ಟರೆ ಒಂದು ತಿಂಗಳು ನೋಡದೆ ಇರಬಹುದು. ಕಾಡಂಚಿನ ನಮಗೆ ನಿಜವಾದ ಪ್ರಶ್ನೆ ಬೇಲಿಯದು. ಕಿಲೋಮೀಟರು ಉದ್ದದ ತಂತಿ ಬಯಲಲ್ಲಿ ನಿಂತಿದೆ. ಎಲ್ಲಿ ಸಿಡಿಲು ಬಿದ್ದರೂ ಪೆಟ್ಟು ಎನರ್ಜೈಸರಿಗೆ.

ಒಂದು ವರ್ಷ ಮೇ ತಿಂಗಳಲ್ಲಿ ನಾನು ಬೇಲಿ ಬಿಡಿಸಲಿಲ್ಲ, ಎನರ್ಜೈಸರ್ ಸುಟ್ಟಿತು. ರಿಪೇರಿಯಾಗಿ ಬರುವ ತನಕ ಮೂರು ರಾತ್ರಿ ನಿದ್ದೆಯಿಲ್ಲ. ಮರು ವರ್ಷ ಜಾಣನಾಗಿ ಸಂಜೆಯೇ ಬಿಡಿಸಿದೆ. ಮಳೆ ನಿಂತ ಮೇಲೆ ಮತ್ತೆ ಸೇರಿಸಲು ಮರೆತೆ. ಬೆಳಿಗ್ಗೆ ನೋಡಿದರೆ ಗೊನೆ ಬಂದ ಬಾಳೆ ಸಾಲು ಆನೆ ಕಾಲಡಿ ಮಲಗಿತ್ತು. ಎರಡೂ ತಪ್ಪು ನನ್ನದೇ.

ಈಗ ಮಾಡಿಕೊಂಡಿರುವ ಏರ್ಪಾಡು ಹೀಗಿದೆ. ಎನರ್ಜೈಸರಿನಿಂದ ಬೇಲಿಗೆ ಹೋಗುವ ಇನ್ಸುಲೇಟೆಡ್ ತಂತಿಯನ್ನು ಊಟದ ತಟ್ಟೆಯಗಲಕ್ಕೆ ಹತ್ತು ಸುತ್ತು ಸುತ್ತಿ ಕಟ್ಟಿದ್ದೇವೆ. ಇದು ಚೋಕ್. ಬೇಲಿಯ ಮಾಮೂಲಿ ಮಿಡಿತ ಇದರಲ್ಲಿ ಸಲೀಸಾಗಿ ಹೋಗುತ್ತದೆ, ಸಿಡಿಲಿನ ಹಠಾತ್ ಹೊಡೆತಕ್ಕೆ ತಡೆಯಾಗುತ್ತದೆ. ಚೋಕಿನಿಂದ ಬೇಲಿಯ ಕಡೆಗೆ ಒಂದು ಸಿಡಿಲು ನಿರೋಧಕ, ಅದಕ್ಕೆ ತನ್ನದೇ ಅರ್ತು. ಈ ಅರ್ತು, ಎನರ್ಜೈಸರಿನ ಅರ್ತು, ಮನೆಯ ಅರ್ತು – ಒಂದರಿಂದ ಒಂದು ಹತ್ತು ಮೀಟರಿಗೆ ಕಡಿಮೆಯಿಲ್ಲದಂತೆ ದೂರ. ಮನೆಯೊಳಗಿನ ಅರ್ತುಗಳನ್ನು ಸೇರಿಸಬೇಕು, ಬೇಲಿಯದನ್ನು ಸೇರಿಸಬಾರದು. ಬೇಲಿಯ ಪೆಟ್ಟು ಮನೆಗೆ ಬರಬಾರದಲ್ಲ. ಬ್ಯಾಟರಿಗೆ ಕರೆಂಟಿನ ಚಾರ್ಜರ್ ಹಾಕಿದ್ದರೆ ಗುಡುಗುವಾಗ ಅದನ್ನೂ ಕಿತ್ತಿಡಬೇಕು.

ಇದರ ಜೊತೆಗೆ ಬೇಲಿ ಬಿಡಿಸಲು ಒಂದು ಕತ್ತರಿ ಸ್ವಿಚ್ಚು. ಬೇಲಿ ಬಿಡಿಸಿದ ದಿನ ಊಟದ ಮನೆಯ ಬಾಗಿಲಿಗೆ ಒಂದು ಕೆಂಪು ಬಟ್ಟೆ ಕಟ್ಟುತ್ತೇವೆ. ಅದನ್ನು ನೋಡದೆ ಯಾರೂ ಉಣ್ಣಲು ಕೂರುವಂತಿಲ್ಲ. ನಮ್ಮ ಕಡೆ ಗುಡುಗು ಹೆಚ್ಚಾಗಿ ಮಧ್ಯಾಹ್ನ ಸಂಜೆಗೆ, ಆನೆ ಬರುವುದು ಕತ್ತಲಾದ ಮೇಲೆ. ಹೀಗಾಗಿ ಬಹುತೇಕ ದಿನ ಎರಡೂ ಕೆಲಸ ಆಗುತ್ತದೆ.

ಎಣಿಸಿ, ಆಮೇಲೆ ಹೊರಡಿ

ಯಾವಾಗ ಬಿಡಿಸಬೇಕು? ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರು. ಮೂವತ್ತರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ, ಆಗ ಹೊರಗೆ ಹೋಗುವುದು ಅಪಾಯ. ಬಿಡಿಸುವ ಕೆಲಸ ಅದಕ್ಕೂ ಮೊದಲೇ, ಮೋಡ ಕಟ್ಟುವಾಗಲೇ ಮುಗಿಯಬೇಕು. ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಮೊಬೈಲಿನಲ್ಲಿ ಹತ್ತಿರದ ಸಿಡಿಲನ್ನು ತೋರಿಸುತ್ತದೆ. ನೆಟ್‌ವರ್ಕ್ ಸಿಗದ ಕಡೆ ಎಣಿಕೆಯೇ ಗತಿ. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆದ ಮೇಲೆ ಮತ್ತೆ ಸೇರಿಸಿ.

ತಡವಾಯಿತೇ? ಬಿಟ್ಟುಬಿಡಿ. ತಲೆ ಮೇಲೆ ಗುಡುಗುವಾಗ ಸ್ವಿಚ್ಚಿಗೂ, ಪ್ಲಗ್ಗಿಗೂ, ತಂತಿಯ ಫೋನಿಗೂ ಕೈ ಹಾಕಬೇಡಿ. ಚಾರ್ಜಿಗೆ ಹಾಕದ ಮೊಬೈಲಿನಲ್ಲಿ ಮಾತಾಡಲು ಹೆದರಬೇಕಿಲ್ಲ. ಬೇಲಿ ಸತ್ತಿದೆ ಎಂದು ಮರದ ಮೇಲಿನ ಅಟ್ಟಣೆಗೆ ಕಾವಲಿಗೆ ಹೋಗುವುದಂತೂ ಬೇಡವೇ ಬೇಡ. ಬಯಲಿನ ಒಂಟಿ ಮರ ಸಿಡಿಲಿಗೆ ಮೊದಲ ಗುರಿ. ಬಾಳೆ ಮತ್ತೆ ಬರುತ್ತದೆ, ಎನರ್ಜೈಸರ್ ಅಂಗಡಿಯಲ್ಲಿ ಸಿಗುತ್ತದೆ.

ಮೊನ್ನೆ ಮೋಡ ಎದ್ದಾಗ ನಾನು ಹೊಲದಲ್ಲಿದ್ದೆ. ಓಡಿ ಬಂದು ನೋಡಿದರೆ ಮನೆಯವರು ಆಗಲೇ ಎಲ್ಲ ಕಿತ್ತಿಟ್ಟು, ಬಾಗಿಲಿಗೆ ಕೆಂಪು ಬಟ್ಟೆಯನ್ನೂ ಕಟ್ಟಿದ್ದರು. ನಿಮ್ಮ ಊರಲ್ಲಿ ಬೇಲಿ, ಮೋಟಾರು ಉಳಿಸಿಕೊಳ್ಳಲು ಬೇರೆ ಉಪಾಯ ಮಾಡಿದವರಿದ್ದರೆ ಪತ್ರಿಕೆಗೆ ಬರೆಯಿರಿ. ಮುಂದಿನ ಭರಣಿಯೊಳಗೆ ಎಲ್ಲರಿಗೂ ಉಪಯೋಗವಾದೀತು.