ಕೂತು ನುಡಿದ ಪದ್ಯ

ಗಣೇಶಗುಡಿಯಿಂದ ಬಸ್ಸಿನಲ್ಲಿ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನಿಗೆ ಕಾವ್ಯವಾಚನ ಸ್ಪರ್ಧೆಯಲ್ಲಿ ನಾನು ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ಮುಳುಗಿದ ಸೂಪಾ ಊರನ್ನು ಕುರಿತ ಪದ್ಯ, ಅವನದೇ ರಚನೆ. ಛಂದಸ್ಸಿನಲ್ಲಿ ಕುಂದಿರಲಿಲ್ಲ. ಆದರೆ ಮಾತನಾಡುವ ದನಿಯಲ್ಲಿಯೇ ಓದಿ ಮುಗಿಸಿದ; ಕಂಠವೇರಿಸಲಿಲ್ಲ, ಕೈಯೆತ್ತಲಿಲ್ಲ. ‘ಓಜಸ್ಸು ಸಾಲದು’ ಎಂದು ಬರೆದೆ. ಅವನು ಅದನ್ನೋದಿ, “ರಾಕಿಮನಿಗೂ ಹೀಗೆಯೇ ಹೇಳಿದ್ದರಂತೆ, ಸರ್” ಎಂದು ನಕ್ಕ. ರಾಕಿಮ್ ಯಾರೆಂದು ನಾನರಿಯೆ. ವಿಚಾರಿಸಿ ತಿಳಿದುದನ್ನು ವಾಚಕರ ಮುಂದಿಡುತ್ತೇನೆ.

ಹಿಪ್‌ಹಾಪ್ ಎಂಬುದು 1973ರ ಸುಮಾರಿಗೆ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಸಂತೋಷಕೂಟಗಳಲ್ಲಿ ಹುಟ್ಟಿದ ಕಲೆ. ಒಬ್ಬನು ಹಳೆಯ ಗಾನಮುದ್ರಿಕೆಗಳಿಂದ ತಾಳವನ್ನೆತ್ತಿ ಕೊಡುತ್ತಾನೆ. ಇನ್ನೊಬ್ಬನು ಅದರ ಮೇಲೆ ಪದ್ಯ ನುಡಿಯುತ್ತಾನೆ. ಈ ನುಡಿಗಾರಿಕೆಗೆ ರ‍್ಯಾಪ್ ಎಂದು ಹೆಸರು. ನೆರೆದವರ ಗದ್ದಲವನ್ನು ಮೀರಬೇಕಾಗಿದ್ದುದರಿಂದ ಮೊದಮೊದಲು ಕೂಗಿ ನುಡಿಯುವುದೇ ವಾಡಿಕೆಯಾಯಿತು.

1986ರಲ್ಲಿ ಎರಿಕ್ ಬಿ. ಮತ್ತು ರಾಕಿಮ್ ಎಂಬ ಜೋಡಿ ‘ಎರಿಕ್ ಬಿ. ಈಸ್ ಪ್ರೆಸಿಡೆಂಟ್’ ಎಂಬ ತಮ್ಮ ಮೊದಲ ಮುದ್ರಿಕೆಗಾಗಿ ಕ್ವೀನ್ಸ್‌ಬ್ರಿಜ್ ವಸತಿಗೃಹಗಳಲ್ಲಿದ್ದ ಮಾರ್ಲಿ ಮಾರ್ಲನನ್ನು ಕಂಡಿತು. ಅವನ ಧ್ವನಿಮುದ್ರಣ ಯಂತ್ರಗಳಿದ್ದುದು ಮನೆಯಲ್ಲಿಯೇ. ಫೋಂಡಾ ರೇ ಎಂಬ ಗಾಯಕಿಯ ಹಾಡೊಂದರಿಂದ ಮಂದ್ರದ ಎಳೆಯನ್ನು ಆರಿಸಿಕೊಂಡರು. ರಾಕಿಮನಿಗೆ ಆಗ ಹದಿನೆಂಟು. ಸ್ಯಾಕ್ಸೊಫೋನ್ ಕಲಿತವನು, ಜಾನ್ ಕೋಲ್ಟ್ರೇನನನ್ನು ಮೆಚ್ಚಿದವನು. ಅವನು ಕೂತಲ್ಲಿಯೇ, ತಗ್ಗಿದ ದನಿಯಲ್ಲಿ ನುಡಿದ. ಮಾರ್ಲಿಗೂ ಅಲ್ಲಿದ್ದ ಎಂ.ಸಿ. ಶಾನನಿಗೂ ಅದು ಸಪ್ಪೆಯೆನಿಸಿತು, ಹುರುಪು ಬೇಕೆಂದರು. ಹುಡುಗ ಮಣಿಯಲಿಲ್ಲ. ಹಾರ್ಲೆಮ್‌ನ ಝಕಿಯಾ ಎಂಬ ಸಣ್ಣ ಸಂಸ್ಥೆ ಅದನ್ನು ಹೊರತಂದಿತು. ಮುಂದಿನ ವರ್ಷ ‘ಪೇಯ್ಡ್ ಇನ್ ಫುಲ್’ ಸಂಪುಟ ಬಂದಿತು. ಬಳಿಕ ಬಂದ ನುಡಿಗಾರರಲ್ಲಿ ಅನೇಕರು ಆ ತಗ್ಗಿದ ದನಿಗೆ ಶಿಷ್ಯರಾದರು.

ಕೂಗದಿದ್ದುದು ಬರಿಯ ಹಟವೆ? ಅಲ್ಲ. ಕೂಗುವವನು ಸಾಲಿನ ಕೊನೆಗೆ ಉಸಿರು ಚೆಲ್ಲುತ್ತಾನೆ. ಪ್ರಾಸವೂ ಅಲ್ಲಿಯೇ ಬಡಿಯುತ್ತದೆ. ರಾಕಿಮನ ಪ್ರಾಸಗಳು ಸಾಲಿನ ನಡುವೆಯೂ ಮಿಡಿಯುತ್ತವೆ. ವಾಕ್ಯ ಸಾಲಿನ ಅಂಚು ದಾಟಿ ಹರಿಯುತ್ತದೆ. ‘ಶ್ರೀ ರಾಮಾಯಣ ದರ್ಶನಂ’ ಓದಿದವರಿಗೆ ಈ ಹರಿವು ಅಪರಿಚಿತವಲ್ಲ. ದ್ವಿತೀಯಾಕ್ಷರ ಪ್ರಾಸವನ್ನು ಪಾಠ ಹೇಳುವ ನಾನು ಒಳಪ್ರಾಸ ಕೇಳಬೇಕಾದರೆ ಗದ್ದಲ ತಗ್ಗಬೇಕೆಂಬುದನ್ನು ಮರೆತಿದ್ದೆ.

ಕಳೆದ ರಜೆಯಲ್ಲಿ ಗಣೇಶಗುಡಿಗೆ ಹೋದೆ. ಕಾಳಿಯನ್ನು ತಡೆದು ನಿಂತ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಅಲ್ಲಿದೆ. ಒಂದು ಕಾಲಕ್ಕೆ ತಾಲ್ಲೂಕಿಗೇ ತನ್ನ ಹೆಸರು ಕೊಟ್ಟಿದ್ದ ಊರು ಅದರ ಹಿನ್ನೀರಿನ ತಳದಲ್ಲಿದೆ; ತಾಲ್ಲೂಕು ಈಗ ಜೋಯಿಡಾ. ನದಿಯ ದಂಡೆಯಲ್ಲಿ ಕೂತು ಆ ಪದ್ಯವನ್ನು ಮತ್ತೆ ಓದೆಂದೆ. ಓದಿದ, ಮೊದಲಿನಂತೆಯೇ. ಈ ಸಲ ಪ್ರತಿ ಸಾಲಿನೊಳಗೂ ಒಂದು ಮನೆಯ, ಒಂದು ಗದ್ದೆಯ ಹೆಸರು ಕೇಳಿಸಿತು. ಸ್ಪರ್ಧೆಯ ದಿನ ಒಂದೂ ಕೇಳಿಸಿರಲಿಲ್ಲ.

“ಯಾರಿಂದ ಕಲಿತೆ ಈ ಧಾಟಿ?” ಎಂದೆ.

“ಅಜ್ಜಿಯಿಂದ ಸರ್. ಆ ಊರಿನ ಮಾತನ್ನು ಅವಳು ಒಮ್ಮೆಯೂ ಕೂಗಿ ಹೇಳಿದವಳಲ್ಲ.”

ಅಂಕಪಟ್ಟಿಯನ್ನು ಇನ್ನು ತಿದ್ದುವಂತಿಲ್ಲ. ಈ ವರ್ಷ ತೀರ್ಪುಗಾರನ ಕುರ್ಚಿಯಲ್ಲಿ ಕೂರುವ ಮುನ್ನ ನಾನು ಕಿವಿಯನ್ನು ತಿದ್ದಿಕೊಳ್ಳಬೇಕಾಗಿದೆ.