ದವಡೆ ನೋವು: ಕಿವಿಯದ್ದೋ, ಹಲ್ಲಿನದ್ದೋ, ಕೀಲಿನದ್ದೋ, ಮಾವಾದ್ದೋ?

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಆಫೀಸಿನಲ್ಲಿ ಕೂತು ವಿಡಿಯೋ ನೋಡಲಾಗದವರಿಗೆ ಅನುಕೂಲ ಆಗಲಿ ಅಂತ. ಮೊದಲೇ ಹೇಳಿಬಿಡ್ತೀನಿ, ನಾನು ಎಂಟೆಕ್ ಮಾಡಿದ ಎಂಜಿನಿಯರ್, ಡಾಕ್ಟರ್ ಅಲ್ಲ. ಇದು ಔಷಧಿ ಚೀಟಿ ಅಲ್ಲ. ಯಾವ ಲಕ್ಷಣವನ್ನು ಹೇಗೆ ನೋಡಬೇಕು, ಯಾರ ಹತ್ತಿರ ಹೋಗಬೇಕು ಅನ್ನುವುದಷ್ಟೇ ಇಲ್ಲಿರುವ ವಿಷಯ.

ಅಹಮದಾಬಾದಿನಲ್ಲಿ ಒಂದು ರಿಲೀಸ್ ಸಮಯದಲ್ಲಿ ನನಗೆ ಎಡಗಿವಿ ನೋವು ಶುರುವಾಯಿತು. ಕ್ಲಿನಿಕ್ ಒಂದರಲ್ಲಿ ಕಿವಿಗೆ ಡ್ರಾಪ್ಸ್ ಕೊಟ್ಟರು. ಕಡಿಮೆ ಆಗಲಿಲ್ಲ, ಇನ್ನೊಂದು ಡ್ರಾಪ್ಸ್ ಕೊಟ್ಟರು. ಆಮೇಲೆ ಹಲ್ಲಿನ ಎಕ್ಸ್‌ರೇ ಆಯಿತು, ಅದರಲ್ಲೂ ಏನಿಲ್ಲ. ಮೂರನೇ ತಿಂಗಳು ಬೇರೊಬ್ಬ ದಂತವೈದ್ಯರು ಎಕ್ಸ್‌ರೇ ಪಕ್ಕಕ್ಕಿಟ್ಟು, ನನ್ನ ಕೆನ್ನೆಯ ಸ್ನಾಯುವನ್ನು ಎರಡು ಬೆರಳಲ್ಲಿ ಒತ್ತಿ, "ನೀವು ಹೇಳ್ತಿರೋ ನೋವು ಇದೇನಾ?" ಅಂದರು. ಅದೇ ನೋವು! ಕಿವಿಯೊಳಗೆ ಅಂದುಕೊಂಡಿದ್ದು ಕೆನ್ನೆಯಿಂದ ಬರುತ್ತಿತ್ತು. ಕೋಡ್ ಬರೆಯುವಾಗ ನಾನು ಹಲ್ಲು ಕಚ್ಚಿಕೊಂಡು ಕೂರುತ್ತಿದ್ದೆ.

ಅವರು ಕೇಳಿದ ಆ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ದವಡೆ ಕೀಲಿನ ತೊಂದರೆಗಳನ್ನು ಒಟ್ಟಾಗಿ ಟಿಎಂಡಿ ಅನ್ನುತ್ತಾರೆ. ಇವನ್ನು ಗುರುತಿಸಲು 2014ರಲ್ಲಿ ಅಂತರರಾಷ್ಟ್ರೀಯ ತಜ್ಞರು ಡಿಸಿ-ಟಿಎಂಡಿ ಎಂಬ ಮಾನದಂಡ ಪ್ರಕಟಿಸಿದರು. ಅದರ ಮುಖ್ಯ ಅಂಶ ಇದೇ: ಒತ್ತಿದಾಗ ನೋವಾದರೆ ಸಾಲದು, ದಿನಾ ಕಾಡುವ ಆ ಪರಿಚಿತ ನೋವೇ ಮರಳಿ ಬರಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬಗ್ ರಿಪ್ರೊಡ್ಯೂಸ್ ಆಗಬೇಕು.

ಕೀಲು ಎಲ್ಲಿದೆ?

ಕಿವಿಯ ತೂತಿನ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಬೆರಳಿನಡಿ ಏನೋ ಜಾರುತ್ತದಲ್ಲ, ಅದೇ ದವಡೆಯ ಕೀಲು. ಒಳಗೆ ಎರಡು ಮೂಳೆಗಳ ನಡುವೆ ವಾಷರ್ ಥರದ ಒಂದು ಮೆತ್ತೆ ಇರುತ್ತದೆ. ಇನ್ನು ಎರಡು ಸ್ನಾಯುಗಳನ್ನು ಗೊತ್ತು ಮಾಡಿಕೊಳ್ಳಿ. ಹಲ್ಲು ಕಚ್ಚಿದಾಗ ಕೆನ್ನೆಯ ಹಿಂಭಾಗದಲ್ಲಿ ಉಬ್ಬುವುದು ಒಂದು. ಹಣೆಯ ಪಕ್ಕ, ಕನ್ನಡಕದ ಕಡ್ಡಿ ಹಾಯುವ ಜಾಗದಲ್ಲಿ ಉಬ್ಬುವುದು ಇನ್ನೊಂದು. "ನನಗೆ ಟಿಎಂಜೆ ಇದೆ" ಅನ್ನುವವರಲ್ಲಿ ಹೆಚ್ಚಿನವರ ತೊಂದರೆ ಕೀಲಿನಲ್ಲಿ ಅಲ್ಲ, ಈ ಸ್ನಾಯುಗಳಲ್ಲಿ. ಕಿವಿ ತೀರಾ ಹತ್ತಿರ ಇರುವುದರಿಂದ ನೋವು ಅಲ್ಲಿ ಕಾಣಿಸಿಕೊಳ್ಳುತ್ತದೆ.

ಮೊದಲು ಮೂರು ಪ್ರಶ್ನೆ

ಕಳೆದ 30 ದಿನಗಳನ್ನು ನೆನಪಿಸಿಕೊಂಡು ಉತ್ತರಿಸಿ.

1. ದವಡೆಯಲ್ಲಿ ಅಥವಾ ಹಣೆಯ ಪಕ್ಕದಲ್ಲಿ ನೋವಿತ್ತಾ? ಬಂದು ಹೋಗುತ್ತಿತ್ತಾ, ಯಾವಾಗಲೂ ಇತ್ತಾ?
2. ಬೆಳಿಗ್ಗೆ ಎದ್ದಾಗ ದವಡೆ ಬಿಗಿಯಾಗಿತ್ತಾ, ನೋಯುತ್ತಿತ್ತಾ?
3. ಗಟ್ಟಿ ಪದಾರ್ಥ ಅಗಿಯುವಾಗ, ಬಾಯಿ ತೆರೆಯುವಾಗ, ಆಕಳಿಸುವಾಗ, ಮಾತಾಡುವಾಗ, ಹಲ್ಲು ಕಚ್ಚಿದಾಗ ನೋವು ಹೆಚ್ಚು ಕಡಿಮೆ ಆಗುತ್ತಿತ್ತಾ?

ಮೂರನೆಯದು ಮುಖ್ಯ. ದವಡೆ ಆಡಿಸಿದರೆ ಬದಲಾಗುವ ನೋವು ದವಡೆಯದ್ದಾಗಿರುವ ಸಾಧ್ಯತೆ ಹೆಚ್ಚು. ದವಡೆ ಏನು ಮಾಡಿದರೂ ಬದಲಾಗದ ನೋವಿಗೆ ಬೇರೆ ಕಡೆ ಹುಡುಕಬೇಕು.

ಆಮೇಲೆ ಬೆರಳಿನ ಪರೀಕ್ಷೆ

ಕೈ ತೊಳೆದು ಕನ್ನಡಿ ಮುಂದೆ ನಿಂತುಕೊಳ್ಳಿ.

ಎಷ್ಟು ತೆರೆಯುತ್ತದೆ: ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಮೇಲೊಂದಿಟ್ಟು ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ಇಡಿ. ಸಾಮಾನ್ಯವಾಗಿ ಮೂರೂ ಹಿಡಿಯಬೇಕು. ಸ್ಕೇಲಿನಲ್ಲಿ ಅಳೆದರೆ ಹೆಚ್ಚಿನವರಿಗೆ 40 ಮಿ.ಮೀ.ಗಿಂತ ಜಾಸ್ತಿ ಬರುತ್ತದೆ. ಎರಡೇ ಬೆರಳು ಹಿಡಿದರೆ ಡಾಕ್ಟರಿಗೆ ತೋರಿಸಲೇಬೇಕು.

ನೇರ ತೆರೆಯುತ್ತದಾ: ಗಲ್ಲ ಒಂದು ಪಕ್ಕಕ್ಕೆ ವಾಲಿ ಅಲ್ಲೇ ನಿಂತರೆ ಆ ಕಡೆಯ ಕೀಲು ಸರಿಯಾಗಿ ಜಾರುತ್ತಿಲ್ಲ ಅಂತ ಅನುಮಾನ ಪಡಬಹುದು.

ಒತ್ತಿ ನೋಡಿ: ಸ್ನಾಯುಗಳಿಗೆ ಸುಮಾರು 1 ಕೆಜಿ ಒತ್ತಡ, ಕೀಲಿನ ಮೇಲೆ ಅದರ ಅರ್ಧ. ಎಷ್ಟು ಒತ್ತಬೇಕು ಅಂತ ಗೊತ್ತಾಗದಿದ್ದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಬೆರಳೊತ್ತಿ ಅಭ್ಯಾಸ ಮಾಡಿ. ಪರಿಚಿತ ನೋವು ಬಂತಾ ಅನ್ನುವುದನ್ನು ಗಮನಿಸಿ.

ಶಬ್ದ: ಬಾಯಿ ತೆರೆಯುವಾಗ 'ಟಕ್' ಅನ್ನುತ್ತಾ? ಮುಂದಕ್ಕೆ ಜಾರಿದ ಮೆತ್ತೆ ಮರಳಿ ಜಾಗಕ್ಕೆ ಬರುವ ಸದ್ದು ಅದು. ಬಹಳ ಜನರಿಗೆ ಇರುತ್ತದೆ. ನೋವಿಲ್ಲ, ಬಾಯಿ ಪೂರ್ತಿ ತೆರೆಯುತ್ತದೆ ಅಂದರೆ ಬರೀ ಸದ್ದಿಗೆ ಚಿಕಿತ್ಸೆ ಬೇಡ. ಆದರೆ ಮೊದಲಿದ್ದ ಟಕ್ ಶಬ್ದ ಒಂದು ದಿನ ನಿಂತು, ಅದೇ ಹೊತ್ತಿಗೆ ಬಾಯಿ ಅರ್ಧಕ್ಕೇ ಸಿಕ್ಕಿಕೊಂಡರೆ ಮೆತ್ತೆ ವಾಪಸ್ ಬಂದಿಲ್ಲ ಅಂತ ಅರ್ಥ. ಕೂಡಲೇ ತೋರಿಸಿ. ಆಕಳಿಸಿದಾಗ ತೆರೆದ ಬಾಯಿ ಮುಚ್ಚಲಾಗದಿದ್ದರೆ ಎಮರ್ಜೆನ್ಸಿಗೆ ಹೋಗಿ, ಮನೆಯಲ್ಲಿ ಬಲವಂತವಾಗಿ ಮುಚ್ಚಲು ಹೋಗಬೇಡಿ.

ದವಡೆಯದ್ದಲ್ಲದ ನೋವುಗಳು

ತಣ್ಣಗಿನದೋ ಬಿಸಿಯದೋ ತಾಗಿದಾಗ ಒಂದೇ ಹಲ್ಲು ಝುಂ ಅಂದರೆ ಅದು ಹಲ್ಲಿನ ತೊಂದರೆ. ಬುದ್ಧಿಹಲ್ಲಿನ ಸುತ್ತ ಊತ, ಜ್ವರ, ಬಾಯಿ ತೆರೆಯಲಾಗದಿರುವುದು ಸೋಂಕಿನ ಲಕ್ಷಣ, ಅದೇ ದಿನ ಹೋಗಿ. ಬಗ್ಗಿದಾಗ ಕೆನ್ನೆ ಭಾರವಾಗಿ ಮೂಗು ಕಟ್ಟಿದ್ದರೆ ಸೈನಸ್ ಇರಬಹುದು. ಹಲ್ಲುಜ್ಜುವಾಗ, ಶೇವ್ ಮಾಡುವಾಗ, ಗಾಳಿ ತಾಗಿದಾಗ ಕೆಲವೇ ಸೆಕೆಂಡು ಕರೆಂಟ್ ಹೊಡೆದಂತೆ ಆಗಿ ನಿಂತರೆ ಅದು ಮುಖದ ನರದ ನೋವು, ನ್ಯೂರಾಲಜಿಸ್ಟ್ ಬೇಕು.

ಊರಿಂದ ಬಂದ ಅಪ್ಪ ಅಮ್ಮನ ವಿಷಯದಲ್ಲಿ ಎರಡು ಮಾತು. 50 ದಾಟಿದವರಿಗೆ ಹೊಸದಾಗಿ ಹಣೆಯ ಪಕ್ಕ ನೋವು ಬಂದು, ಅಗಿಯುತ್ತಾ ಹೋದಂತೆ ದವಡೆ ಸೋತು ನೋಯುತ್ತಿದ್ದರೆ, ಕಣ್ಣು ಮಂಜಾದರೆ, ಅದು ರಕ್ತನಾಳದ ಉರಿಯೂತ ಇರಬಹುದು. ತಡ ಮಾಡಿದರೆ ದೃಷ್ಟಿಯೇ ಹೋಗುವ ಅಪಾಯ ಇದೆ. ಮೆಟ್ಟಿಲು ಹತ್ತುವಾಗ ದವಡೆ ನೋವು, ಜೊತೆಗೆ ಬೆವರು, ಎದೆ ಬಿಗಿತ, ಉಸಿರು ಕಟ್ಟಿದಂತೆ ಆಗುವುದು ಹೃದಯದ ಲಕ್ಷಣ. ದಂತವೈದ್ಯರ ಅಪಾಯಿಂಟ್‌ಮೆಂಟ್ ಹುಡುಕುತ್ತಾ ಕೂರಬೇಡಿ. ಕರ್ನಾಟಕದಲ್ಲಿದ್ದಂತೆ ಗುಜರಾತಿನಲ್ಲೂ ಆಂಬ್ಯುಲೆನ್ಸ್ ನಂಬರ್ 108.

ಗುಜರಾತಿನಲ್ಲಿ ಕೇಳಲೇಬೇಕಾದ ಪ್ರಶ್ನೆ

ನಾನು ಈ ವಿಡಿಯೋ ಮಾಡಿದ್ದೇ ಇದಕ್ಕೆ. ಸೂರತ್‌ನಲ್ಲಿರುವ ನಮ್ಮ ಕಡೆಯ ಹುಡುಗನೊಬ್ಬ ಮೆಸೇಜ್ ಹಾಕಿದ್ದ. "ಅಣ್ಣಾ, ನಂಗೂ ನಿಮ್ ಥರಾನೇ ದವಡೆ ಬಿಗಿಯಾಗಿದೆ, ಡೆಡ್‌ಲೈನ್ ಟೆನ್ಷನ್ ಇರಬೇಕು, ಯಾವ ಎಕ್ಸರ್ಸೈಜ್ ಮಾಡ್ಲಿ?" ಫೋನ್ ಮಾಡಿ ಬೆರಳಿಡಲು ಹೇಳಿದೆ. ಎರಡು ಬೆರಳೂ ಕಷ್ಟದಲ್ಲಿ ಹಿಡಿದವು. ನೋವಿದೆಯಾ ಅಂದರೆ "ನೋವೇನಿಲ್ಲ." ಖಾರ ತಿಂದರೆ? "ಬಾಯೆಲ್ಲಾ ಉರಿಯುತ್ತೆ, ಆರು ತಿಂಗಳಾಯ್ತು." ಮಾವಾ ತಿಂತೀಯಾ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. "ಟೀ ಬ್ರೇಕಲ್ಲಿ ಟೀಮಿನವರ ಜೊತೆ... ದಿನಕ್ಕೆ ನಾಲ್ಕು."

ಇಲ್ಲಿಗೆ ಹೊಸದಾಗಿ ಬಂದವರಿಗೆ ಹೇಳುತ್ತೇನೆ: ಮಾವಾ ಅಂದರೆ ಅಡಿಕೆ ಚೂರು, ತಂಬಾಕು, ಸುಣ್ಣ ಸೇರಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ಉಜ್ಜಿ ಕೊಡುವ ಮಿಶ್ರಣ. ಗುಜರಾತ್ 2012ರಲ್ಲಿ ಗುಟ್ಕಾ ನಿಷೇಧಿಸಿತು. ಆದರೆ ಮಾವಾ ಪ್ಯಾಕೆಟ್ಟಿನ ಮಾಲಲ್ಲ, ಪಾನ್ ಗಲ್ಲಾದಲ್ಲಿ ನಮ್ಮೆದುರೇ ತಯಾರಾಗುವುದು.

ಅಡಿಕೆ ಜಗಿಯುತ್ತಾ ಹೋದರೆ ಕೆನ್ನೆಯ ಒಳಪದರದಡಿ ನಾರು ಬೆಳೆದು ಗಟ್ಟಿಯಾಗುತ್ತದೆ. ಇದಕ್ಕೆ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತಾರೆ. ಇಲ್ಲಿ ಕೀಲು ಸರಿಯಾಗೇ ಇರುತ್ತದೆ, ಕೆನ್ನೆ ಹಿಗ್ಗುವುದಿಲ್ಲ, ಅದಕ್ಕೇ ಬಾಯಿ ತೆರೆಯುವುದಿಲ್ಲ. ಭಾವನಗರ ಜಿಲ್ಲೆಯಲ್ಲಿ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆಯೊಂದು 1998ರಲ್ಲಿ ಪ್ರಕಟವಾಯಿತು. ಅದರಲ್ಲಿ 164 ಜನರಿಗೆ ಈ ಕಾಯಿಲೆ ಸಿಕ್ಕಿತು. ನಾಲ್ಕು ಜನ ಬಿಟ್ಟು ಉಳಿದವರೆಲ್ಲ ಆಗಲೂ ಅಡಿಕೆ ಜಗಿಯುತ್ತಿದ್ದವರು. ಮಾವಾ ತಿನ್ನುವವರಲ್ಲಿ 10.9 ಶೇಕಡಾ ಜನರಿಗೆ ಕಾಯಿಲೆ ಇತ್ತು. ಸುಮಾರು 85 ಶೇಕಡಾ ರೋಗಿಗಳು 35 ವರ್ಷದ ಒಳಗಿನವರು, ಅಂದರೆ ನಮ್ಮ ವಯಸ್ಸಿನವರು.

ಇದನ್ನು ಟಿಎಂಡಿ ಅಂದುಕೊಂಡರೆ ಆಗುವ ನಷ್ಟ ದೊಡ್ಡದು, ಯಾಕಂದ್ರೆ ಇದು ಕ್ಯಾನ್ಸರಿಗೆ ತಿರುಗಬಹುದಾದ ಸ್ಥಿತಿ. ಕೇರಳದ ಎರ್ನಾಕುಲಂನಲ್ಲಿ 17 ವರ್ಷಗಳ ಅವಧಿಯಲ್ಲಿ ಗಮನಿಸಿದ ರೋಗಿಗಳಲ್ಲಿ 7.6 ಶೇಕಡಾ ಜನರಿಗೆ ಬಾಯಿ ಕ್ಯಾನ್ಸರ್ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರಲ್ಲಿ, ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಹೇಳಿದೆ. ಶಿರಸಿ, ಸಾಗರ, ಪುತ್ತೂರು ಕಡೆಯ ನಮ್ಮಂಥವರಿಗೆ ಇದು ಕೇಳಲು ಕಷ್ಟ. ನಮ್ಮಲ್ಲಿ ಎಷ್ಟೋ ಜನರ ಕಾಲೇಜ್ ಫೀಸು ಅಡಿಕೆಯಿಂದಲೇ ಬಂದದ್ದು. ಹಾಗಂತ ಹೇಳದೇ ಇರಲಾಗದು.

ವ್ಯತ್ಯಾಸ ಗೊತ್ತಾಗುವುದು ಹೀಗೆ. ಟಿಎಂಡಿಯಲ್ಲಿ ಸಾಮಾನ್ಯವಾಗಿ ನೋವು ಮುಂದಿರುತ್ತದೆ, ಒತ್ತಿದರೆ ಸಿಗುತ್ತದೆ, ಬಾಯಿಯ ಒಳಗೆ ನೋಡಿದರೆ ಎಲ್ಲಾ ಸರಿ ಇರುತ್ತದೆ. ಇದರಲ್ಲಿ ನೋವು ಕಡಿಮೆ, ಖಾರಕ್ಕೆ ಉರಿ ಜಾಸ್ತಿ, ಕೆನ್ನೆಯ ಒಳಗೆ ಬಿಳಿಚಿದ ಗಟ್ಟಿ ಪಟ್ಟಿಗಳು, ಕೆನ್ನೆ ಉಬ್ಬಿಸಲು, ಸಿಳ್ಳೆ ಹಾಕಲು, ನಾಲಿಗೆ ಚಾಚಲು ಕಷ್ಟ. ತಿಂಗಳುಗಟ್ಟಲೆ ನಿಧಾನವಾಗಿ ಬರುತ್ತದೆ. ಜಗಿಯುವುದನ್ನು ಪೂರ್ತಿ ಬಿಡುವುದೇ ಮೊದಲ ಹೆಜ್ಜೆ. ಆಮೇಲೆ ಔಷಧಿ, ಬಾಯಿ ತೆರೆಯುವ ವ್ಯಾಯಾಮ, ಮತ್ತು ಕಡ್ಡಾಯವಾಗಿ ನಿಯಮಿತ ತಪಾಸಣೆ. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಕತ್ತಿನಲ್ಲಿ ಗಂಟು ಇದ್ದರೆ ಕಾಯಬೇಡಿ.

ಆ ಹುಡುಗ ಮಾವಾ ಬಿಟ್ಟು ಎಂಟು ತಿಂಗಳಾಯಿತು. ಉರಿ ಕಡಿಮೆಯಾಗಿದೆ. ಮೂರು ಬೆರಳು ಇನ್ನೂ ಹಿಡಿಯುತ್ತಿಲ್ಲ. ಈ ವಿಷಯ ಹಾಕಿ ಅಂತ ಅವನೇ ಹೇಳಿದ.

ಸ್ನಾಯುವಿನದ್ದೇ ಆದರೆ?

ಸಮಾಧಾನದ ವಿಷಯ ಅಂದರೆ ಹೆಚ್ಚಿನ ಟಿಎಂಡಿ ಸರಳ ಆರೈಕೆಯಲ್ಲೇ ಸುಧಾರಿಸುತ್ತದೆ. ಕೆಲವು ವಾರ ಚಕ್ಕುಲಿ, ಖಾಖ್ರಾ, ಚ್ಯೂಯಿಂಗ್ ಗಮ್ ಬಿಡಿ. ಮೊಸರನ್ನ, ಇಲ್ಲಿನ ಖಿಚಡಿ-ಕಢಿ ಸಾಕು. ಕೆನ್ನೆಗೆ ಬಿಸಿ ಶಾಖ ಕೊಡಿ. ತುಟಿ ಮುಚ್ಚಿರಲಿ, ಹಲ್ಲುಗಳು ಬಿಟ್ಟಿರಲಿ. ಊಟದ ಹೊತ್ತು ಬಿಟ್ಟರೆ ಮೇಲಿನ ಕೆಳಗಿನ ಹಲ್ಲು ತಾಗಬೇಕಾಗಿಲ್ಲ. ನಾನು ಮಾನಿಟರ್ ಅಂಚಿಗೆ ಒಂದು ಹಳದಿ ಚೀಟಿ ಅಂಟಿಸಿದ್ದೆ, ಕಂಡಾಗಲೆಲ್ಲ ಹಲ್ಲು ಬಿಡುವುದು, ಅಷ್ಟೇ. ಎರಡು ತಿಂಗಳಲ್ಲಿ ನೋವು ಹೋಯಿತು. 2023ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂದ ಮಾರ್ಗಸೂಚಿಯೂ ದೀರ್ಘಕಾಲದ ಟಿಎಂಡಿ ನೋವಿಗೆ ವ್ಯಾಯಾಮ, ಫಿಸಿಯೋಥೆರಪಿ, ಒತ್ತಡ ನಿಭಾಯಿಸುವ ತರಬೇತಿಗಳನ್ನೇ ಮುಂದಿಟ್ಟಿದೆ. ಮೊದಲ ಭೇಟಿಯಲ್ಲೇ ಹಲ್ಲು ಉಜ್ಜಿ ಕಚ್ಚು ಸರಿಮಾಡೋಣ, ಆಪರೇಷನ್ ಮಾಡೋಣ ಅಂದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಉಜ್ಜಿದ ಹಲ್ಲು ಮತ್ತೆ ಬರುವುದಿಲ್ಲ.

ಎಲ್ಲಿ ಹೋಗುವುದು, ಏನು ಹೇಳುವುದು?

ದಂತ ಕಾಲೇಜುಗಳ ಓರಲ್ ಮೆಡಿಸಿನ್ ವಿಭಾಗ ಒಳ್ಳೆಯ ಆರಂಭ. ಅಹಮದಾಬಾದಿನಲ್ಲಿ ಅಸಾರ್ವಾದ ಸರ್ಕಾರಿ ದಂತ ಕಾಲೇಜು ಇದೆ, ಅಲ್ಲೇ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೂ ಇದೆ. ವಡೋದರಾ ಕಡೆಯವರಿಗೆ ಪಿಪರಿಯಾದ ಕೆ.ಎಂ. ಶಾ ದಂತ ಕಾಲೇಜು ಹತ್ತಿರ. ಸೂರತ್‌ನವರು ಮಜೂರಾ ಗೇಟ್ ಬಳಿಯ ನ್ಯೂ ಸಿವಿಲ್ ಆಸ್ಪತ್ರೆಯಲ್ಲಿ ವಿಚಾರಿಸಿ.

ಮೂರು ಗುಜರಾತಿ ವಾಕ್ಯ ಕಲಿತಿಟ್ಟುಕೊಳ್ಳಿ. "ಜಡಬಾಮಾ ದುಖಾವೋ ಛೆ", ದವಡೆಯಲ್ಲಿ ನೋವಿದೆ. "ಚಾವತೀ ವಖತೆ ದುಖೆ ಛೆ", ಅಗಿಯುವಾಗ ನೋಯುತ್ತದೆ. "ಮೋಢುಂ ಪೂರುಂ ಖುಲತುಂ ನಥೀ", ಬಾಯಿ ಪೂರ್ತಿ ತೆರೆಯುವುದಿಲ್ಲ. ಎಷ್ಟು ದಿನದಿಂದ, ಎಷ್ಟು ಬೆರಳು ಹಿಡಿಯುತ್ತದೆ, ಯಾವಾಗ ಹೆಚ್ಚಾಗುತ್ತದೆ ಅನ್ನುವುದನ್ನು ಬರೆದುಕೊಂಡು ಹೋಗಿ. ಮಾವಾ, ಗುಟ್ಕಾ, ಅಡಿಕೆ ಏನೇ ಇದ್ದರೂ ಮುಚ್ಚಿಡಬೇಡಿ.

ಇವತ್ತು ರಾತ್ರಿ ಹಲ್ಲುಜ್ಜಿದ ಮೇಲೆ ಒಮ್ಮೆ ಮೂರು ಬೆರಳು ಇಟ್ಟು ನೋಡಿ. ನಿಮ್ಮ ರೂಮ್‌ಮೇಟ್‌ಗೂ ಹೇಳಿ.